ಬೀಗದ ಕೈ ಯಾರ ಹತ್ತಿರ ಇದೆ?

ಕಳೆದ ಸಲ ಹಳೇ ಬಾವಿಗಳ ರಿಪೇರಿ ಬಗ್ಗೆ ಬರೆದಾಗ ಮೂರೇ ಪತ್ರ ಬಂದಿದ್ದವು. ಈ ಸಲ ಒಂದು ಚೀಲ. ಎಲ್ಲರದ್ದೂ ಹೆಚ್ಚು ಕಡಿಮೆ ಒಂದೇ ಕಥೆ: ಪೇಟೆ ನಡುವೆ ಹಳೇ ಕಟ್ಟಡವೊಂದು ಖಾಲಿ ಬಿದ್ದಿದೆ, ಅದನ್ನು ಊರಿನ ಇತಿಹಾಸ ಕೇಂದ್ರ ಮಾಡಬೇಕು, ಹೇಗೆ? ನಾನು ಇತಿಹಾಸ ಓದಿದವನಲ್ಲ. ಮೂವತ್ತೊಂದು ವರ್ಷ ಸರ್ಕಾರಿ ಕಟ್ಟಡಗಳ ಸೋರುವ ಮಾಡು ನೋಡಿಕೊಂಡು ನಿವೃತ್ತನಾದ ಎಂಜಿನಿಯರ್. ಆ ಕಡೆಯಿಂದ ಗೊತ್ತಿರುವಷ್ಟು ಹೇಳುತ್ತೇನೆ.

ನಮ್ಮೂರಿನ ಪೇಟೆ ಬೀದಿಯಲ್ಲಿ ಹಳೇ ಪುರಸಭೆ ಕಟ್ಟಡವಿದೆ. ಕಚೇರಿ ಬೇರೆ ಕಡೆ ಹೋಗಿ ಆರು ವರ್ಷವಾಯಿತು. ನಾವು ಹತ್ತು ಜನ ಸೇರಿ ಅಲ್ಲಿ ಇತಿಹಾಸ ಕೇಂದ್ರ ಮಾಡೋಣ ಅಂತಿದ್ದೇವೆ. ಗಾಜಿನ ಕಪಾಟು ಕೊಡಿಸಲು ದಾನಿಗಳೂ ಸಿಕ್ಕಿದ್ದಾರೆ. ಎಲ್ಲಿಂದ ಶುರು ಮಾಡಬೇಕು?
*ನಿವೃತ್ತ ಶಿಕ್ಷಕಿ, ಹಾಸನ ಜಿಲ್ಲೆ*

ಟೀಚರ್, ದಾನಿಗಳಿಗೆ ಕಾಫಿ ಕೊಟ್ಟು, ಇನ್ನೊಂದು ವರ್ಷ ತಡೆಯಿರಿ ಅಂತ ಹೇಳಿ. ಕಪಾಟು ಕೊನೆಗೆ ಬರುವ ಸಾಮಾನು.

ನಾನು ಯಾವ ಊರಿಗೆ ಹೋದರೂ ಮೊದಲು ಕೇಳುವುದು ಒಂದೇ. ಬೀಗದ ಕೈ ಯಾರ ಹತ್ತಿರ ಇದೆ? ಕೇಳಿದವರು ನಗುತ್ತಾರೆ. ಆದರೆ ಉತ್ತರ ಹುಡುಕುವಷ್ಟರಲ್ಲಿ ಅರ್ಧ ವಿಷಯ ಹೊರಗೆ ಬಂದಿರುತ್ತದೆ. ಒಂದು ಊರಲ್ಲಿ ಮುಂಬಾಗಿಲ ಕೀಲಿ ಪುರಸಭೆಯಲ್ಲಿತ್ತು. ಹಿಂಬಾಗಿಲದ್ದು ಒಳಗೆ ಸಿಮೆಂಟ್ ಮೂಟೆ ಪೇರಿಸಿದ್ದ ಕಂಟ್ರಾಕ್ಟರ್ ಹತ್ತಿರ. ರೆಕಾರ್ಡ್ ರೂಮಿನದ್ದು ರಿಟೈರ್ ಆದ ಅಟೆಂಡರ್ ಮನೆಯ ಗೋಡೆ ಮೊಳೆಯಲ್ಲಿ ನೇತಾಡುತ್ತಿತ್ತು. ಕಟ್ಟಡ ಪುರಸಭೆಯದು, ಕೆಳಗಿನ ಜಾಗ ಕಂದಾಯ ಇಲಾಖೆಯದು ಅಂತ ಆಮೇಲೆ ಗೊತ್ತಾಯಿತು.

ನಿಮ್ಮದೂ ಹಾಗೇ ಇರಬಹುದು. ಖಾತೆ ತೆಗೆಸಿ ನೋಡಿ. ಆಮೇಲೆ ಪುರಸಭೆಯ ಠರಾವು ಬೇಕು. ಎಷ್ಟು ವರ್ಷಕ್ಕೆ ಕೊಡುತ್ತಾರೆ, ಕರೆಂಟ್ ಬಿಲ್ ಯಾರದ್ದು, ಮಾಡು ಸೋರಿದರೆ ಯಾರ ಖರ್ಚು, ಎಲ್ಲ ಅದರಲ್ಲಿ ಬರಬೇಕು. 'ಮಾಡಿ ಮಾಡಿ, ನಾನಿದ್ದೀನಿ' ಅಂತ ಅಧ್ಯಕ್ಷರು ಬಾಯಲ್ಲಿ ಹೇಳಿದ್ದು ಅವರ ಅವಧಿ ಮುಗಿಯುವವರೆಗೆ ಮಾತ್ರ. ಠರಾವು ಯಾರ ಹೆಸರಿಗೆ ಅಂತ ಕೇಳುತ್ತಾರೆ. ನೀವು ಹತ್ತು ಜನ 1960ರ ಸಂಘಗಳ ನೋಂದಣಿ ಕಾಯ್ದೆಯ ಕೆಳಗೆ ಒಂದು ಸಂಘ ಮಾಡಿಕೊಂಡುಬಿಡಿ.

ಹಾಸನ ಜಿಲ್ಲೆ ಅಂದಮೇಲೆ ಇನ್ನೊಂದು ಮಾತು. ಹತ್ತಿರದಲ್ಲಿ ಕೇಂದ್ರದ ಪುರಾತತ್ವ ಇಲಾಖೆ ರಕ್ಷಿಸಿರುವ ದೇವಸ್ಥಾನ ಇದೆಯಾ? ಇದ್ದರೆ ಅದರ ಸುತ್ತ 100 ಮೀಟರ್ ನಿಷೇಧಿತ ಜಾಗ. ಅದರಾಚೆಗೆ 200 ಮೀಟರ್ ನಿಯಂತ್ರಿತ ಜಾಗ. ಅಲ್ಲಿ ರಿಪೇರಿಗೂ ಅನುಮತಿ ಬೇಕು. ಮೊದಲೇ ಟೇಪ್ ಹಿಡಿದು ಅಳೆಯಿರಿ.

ಇದೆಲ್ಲ ಆದಮೇಲೆ ಏಣಿ. ಜೋರು ಮಳೆ ಬಿದ್ದ ಮಾರನೆ ದಿನ ಮೇಲೆ ಯಾರನ್ನಾದರೂ ಹತ್ತಿಸಿ. ನೀವು ಹತ್ತಬೇಡಿ. ನೀರು ಎಲ್ಲಿ ನಿಂತಿದೆ, ಫೋಟೋ ತೆಗೆಯಲಿ. ದೊಡ್ಡ ಸೋರಿಕೆಗೆ ದೊಡ್ಡ ಕಾರಣವೇ ಇರಬೇಕು ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನ್ನ ಸರ್ವಿಸ್‌ನಲ್ಲಿ ಜಾಸ್ತಿ ಸಲ ಸಿಕ್ಕಿದ್ದು ನೀರು ಹೋಗುವ ಕೊಳವೆ ಬಾಯಲ್ಲಿ ಸಿಕ್ಕಿಕೊಂಡ ಪಾರಿವಾಳದ ಗೂಡು, ಹಬ್ಬದ ಬಣ್ಣದ ಕಾಗದ, ಒಂದು ಸಲ ಎರಡು ಟೆನ್ನಿಸ್ ಚೆಂಡು. ಗೋಡೆಯಲ್ಲಿ ಅರಳಿ ಗಿಡ ಎದ್ದಿದ್ದರೆ ಕೀಳಲು ಹೋಗಬೇಡಿ. ಅದರ ಬೇರು ಇಟ್ಟಿಗೆಗಳನ್ನು ತಬ್ಬಿಕೊಂಡಿರುತ್ತದೆ, ಎಳೆದರೆ ಗೋಡೆಯೂ ಜೊತೆಗೆ ಬರುತ್ತದೆ. ಬುಡಕ್ಕೆ ಕತ್ತರಿಸಿ ಒಣಗಲು ಬಿಡಿ. ಚಿಗುರಿದರೆ ಮತ್ತೆ ಕತ್ತರಿಸಿ.

'ಕಚೇರಿ ಕಟ್ಟಡ ಮ್ಯೂಸಿಯಂ ಹೇಗಾಗುತ್ತೆ' ಅಂತ ನಿಮ್ಮ ಸದಸ್ಯರೊಬ್ಬರು ಕೇಳಿದರಂತಲ್ಲ, ಅವರಿಗೆ ಹೇಳಿ. ವಿಜಯಪುರದ ಗೋಲ್ ಗುಂಬಜ್ ಮುಂದಿನ ನಗಾರಖಾನೆ 1892ರಲ್ಲೇ ಮ್ಯೂಸಿಯಂ ಆಗಿದೆ. ನಗಾರಿ ಬಾರಿಸಲು ಕಟ್ಟಿದ ಜಾಗ ಅದು. ಮಡಿಕೇರಿ ಕೋಟೆಯೊಳಗಿನ ಚರ್ಚು 1855ರದ್ದು. ಬ್ರಿಟಿಷರು ಹೋದಮೇಲೆ ಪ್ರಾರ್ಥನೆ ನಿಂತಿತು. 1971ರಲ್ಲಿ ರಾಜ್ಯದ ಇಲಾಖೆ ಅದನ್ನು ತೆಗೆದುಕೊಂಡು ಮ್ಯೂಸಿಯಂ ಮಾಡಿತು. ನನಗೆ ಎಲ್ಲಕ್ಕಿಂತ ಇಷ್ಟ ಬೆಂಗಳೂರಿನ ಮೇಯೋ ಹಾಲ್. ಅಂಡಮಾನಿನಲ್ಲಿ 1872ರಲ್ಲಿ ಕೊಲೆಯಾದ ವೈಸರಾಯ್ ಮೇಯೋ ನೆನಪಿಗೆ ಕಟ್ಟಿದ್ದು. ಕೋರ್ಟು ಕಚೇರಿ ಗದ್ದಲದ ನಡುವೆಯೇ ಮೇಲಿನ ಅಂತಸ್ತಿನಲ್ಲಿ 2011ರಲ್ಲಿ ಕೆಂಪೇಗೌಡ ಮ್ಯೂಸಿಯಂ ಮಾಡಿದರು. ವೈಸರಾಯ್ ಮನೆಯ ಅಟ್ಟದಲ್ಲಿ ಕೆಂಪೇಗೌಡರು ಬಂದು ಕೂತ ಹಾಗೆ. ನನಗಂತೂ ಒಳಗೊಳಗೇ ಖುಷಿ.

ಅದರಿಂದ ನಿಮಗೂ ಒಂದು ದಾರಿ ಇದೆ. ಇಡೀ ಕಟ್ಟಡ ಸಿಗಲಿ ಅಂತ ಕಾಯಬೇಡಿ. ಎರಡು ಕೋಣೆ ಸಿಕ್ಕರೆ ಶುರು ಮಾಡಿ. ಪಕ್ಕದ ಕೋಣೆಯಲ್ಲಿ ಯಾವುದಾದರೂ ಸಣ್ಣ ಕಚೇರಿ ಇರಲಿ. ಜನ ದಿನಾ ಓಡಾಡುತ್ತಿದ್ದರೆ ಗೆದ್ದಲು ಹತ್ತಿದ್ದು ಬೇಗ ಕಣ್ಣಿಗೆ ಬೀಳುತ್ತದೆ.

ಹಳೇ ಟ್ರೆಜರಿ ಕಟ್ಟಡ ರಿಪೇರಿ ಕೆಲಸ ನನಗೆ ಬಂದಿದೆ. ಗೋಡೆ ಉದುರುತ್ತಿದೆ, ಮಾಡು ಸೋರುತ್ತಿದೆ. ಗೋಡೆಗೆ ಸಿಮೆಂಟ್ ಗಿಲಾವು, ಮೇಲೆ ಎರಡಿಂಚು ಕಾಂಕ್ರೀಟ್ ಹಾಕಿ ಮುಗಿಸೋಣ ಅಂತಿದ್ದೇನೆ. ಗಟ್ಟಿ ಆಗುತ್ತೆ ಅಲ್ವಾ ಸಾರ್?
*ಕಂಟ್ರಾಕ್ಟರ್, ಶಿವಮೊಗ್ಗ*

ಇಲ್ಲಪ್ಪ. ದಯವಿಟ್ಟು ಬೇಡ. ನಾನೇ ಮಾಡಿ ಕೆಟ್ಟವನು.

ಕೆಲಸಕ್ಕೆ ಸೇರಿದ ಹೊಸದು. ಒಂದು ತಾಲ್ಲೂಕು ಕೇಂದ್ರದ ಹಳೇ ಕಟ್ಟಡ, ಸುಣ್ಣದ ಗಾರೆ ಬಳಿದ ಗೋಡೆ. ಕೆಳಗಿನ ಮೂರಡಿ ಯಾವಾಗಲೂ ತೇವ, ಸುಣ್ಣ ಪುಡಿ ಪುಡಿಯಾಗಿ ಬೀಳುತ್ತಿತ್ತು. ನಾನು ಹುರುಪಿನಲ್ಲಿ ಹಳೇ ಗಾರೆ ಪೂರ್ತಿ ಕೆತ್ತಿಸಿ ಸಿಮೆಂಟ್ ಬಳಿಸಿದೆ. ನೋಡಲು ಎಷ್ಟು ಚಂದ ಅಂತೀರಾ! ಮೇಲಿನವರು ಬೆನ್ನು ತಟ್ಟಿದರು. ನಾಲ್ಕು ಮಳೆಗಾಲ ಕಳೆದ ಮೇಲೆ ಅದೇ ಕಟ್ಟಡಕ್ಕೆ ಮತ್ತೆ ಕರೆದರು. ಗೋಡೆ ಮೇಲೆ ತೇವದ ಗೆರೆ ಈಗ ಮೂರಡಿಯಲ್ಲ, ನನ್ನ ತಲೆಗಿಂತ ಮೇಲೆ ಹೋಗಿತ್ತು. ಮೂಲೆಯಲ್ಲಿ ಅದು ಮಾಡಿನ ತನಕ ಹತ್ತಿತ್ತು. ಏಣಿ ಹಾಕಿ, ತೊಲೆ ಗೋಡೆಯೊಳಗೆ ಕೂತಿರುವ ಜಾಗಕ್ಕೆ ಸ್ಕ್ರೂಡ್ರೈವರ್ ಒತ್ತಿದೆ. ಹಣ್ಣಾದ ಹಲಸಿಗೆ ಚುಚ್ಚಿದ ಹಾಗೆ ಹಿಡಿಯವರೆಗೂ ಒಳಗೆ ಹೋಯಿತು. ತೇಗದ ತೊಲೆ ಅದು.

ಆಗಿದ್ದು ಇಷ್ಟೇ. ಹಳೇ ಗೋಡೆಗೆ ತಳಪಾಯದಲ್ಲಿ ತೇವ ತಡೆಯುವ ಪದರ ಇರುವುದಿಲ್ಲ. ಅದು ನೆಲದಿಂದ ನೀರು ಕುಡಿಯುತ್ತದೆ. ಗಾರೆಯ ಮೂಲಕ ಬೆವರಿ ಹೊರಗೆ ಬಿಡುತ್ತದೆ. ಸಿಮೆಂಟ್ ಬಳಿದರೆ ಬೆವರುವ ಚರ್ಮಕ್ಕೆ ಪ್ಲಾಸ್ಟಿಕ್ ಸುತ್ತಿದ ಹಾಗೆ. ನೀರು ಹೊರಗೆ ಬರಲಾಗದೆ ಮೇಲಕ್ಕೆ ಏರುತ್ತದೆ. ನನ್ನ ಕಟ್ಟಡದಲ್ಲಿ ಏರಿ ಏರಿ ತೊಲೆಯ ತುದಿ ಮುಟ್ಟಿತು. ನಾನು ಕೆತ್ತಿಸಿದ ಆ ಉದುರುವ ಗಾರೆ ನೂರು ವರ್ಷದಿಂದ ತನ್ನ ಕೆಲಸ ಸರಿಯಾಗಿಯೇ ಮಾಡುತ್ತಿತ್ತು. ಉದುರಿದಷ್ಟು ಜಾಗಕ್ಕೆ ಮತ್ತೆ ಗಾರೆ ಬಳಿದರೆ ಮುಗಿಯುತ್ತಿತ್ತು.

ಮೇಲಿನ ಎರಡಿಂಚು ಕಾಂಕ್ರೀಟ್ ಲೆಕ್ಕ ಹಾಕಿ ನೋಡಿ. ಚದರ ಮೀಟರಿಗೆ ಸುಮಾರು 120 ಕೆಜಿ. ಹತ್ತು ಮೀಟರ್ ಉದ್ದ, ಆರು ಮೀಟರ್ ಅಗಲದ ಹಾಲಿನ ತಲೆ ಮೇಲೆ ಏಳು ಟನ್. ಒಂದು ಲಾರಿ ತುಂಬ ಜಲ್ಲಿ ಹೊಯ್ದು ಬಿಟ್ಟ ಹಾಗೆ, ಅದೂ ತುದಿ ಕೊಳೆತಿರಬಹುದಾದ ತೊಲೆಗಳ ಮೇಲೆ.

ನಿಮ್ಮದು ಮದ್ರಾಸ್ ತಾರಸಿ ಅಂತ ಫೋಟೋ ನೋಡಿದರೆ ಗೊತ್ತಾಗುತ್ತದೆ. ತೊಲೆಗಳ ನಡುವೆ ತೆಳು ಇಟ್ಟಿಗೆಯನ್ನು ಅಡ್ಡ ನಿಲ್ಲಿಸಿ, ಓರೆಯಾಗಿ, ಗಾರೆಯಲ್ಲಿ ಕೂರಿಸಿರುತ್ತಾರೆ. ಅದರ ಮೇಲೆ ಇಟ್ಟಿಗೆ ಚೂರು, ಸುಣ್ಣ ಸೇರಿಸಿದ ಪದರ. ಹೆಂಗಸರು ಸಾಲಾಗಿ ಕೂತು, ಬೆಲ್ಲ ಮತ್ತು ಅಳಲೆಕಾಯಿ ನೆನೆಸಿದ ನೀರು ಚಿಮುಕಿಸುತ್ತಾ, ಕೊಡತಿಯಿಂದ ದಿನಗಟ್ಟಲೆ ಬಡಿಯುತ್ತಿದ್ದರು. ಹಾಡು ಹೇಳಿಕೊಂಡೇ ಬಡಿಯೋದು, ಇಲ್ಲದಿದ್ದರೆ ಪೆಟ್ಟು ಒಂದೇ ತಾಳಕ್ಕೆ ಬೀಳಲ್ಲ ಅಂತ ಒಬ್ಬ ಹಳೇ ಮೇಸ್ತ್ರಿ ನನಗೆ ಹೇಳಿದ್ದ. ಮೇಲಿನ ಪದರ ಮಾತ್ರ ಕೆಟ್ಟಿದ್ದರೆ ಅದನ್ನಷ್ಟೇ ತೆಗೆದು ಮತ್ತೆ ಸುಣ್ಣದಲ್ಲೇ ಮಾಡಿಸಿ. ತೊಲೆ ತುದಿ ಕೊಳೆತಿದ್ದರೆ ಕೊಳೆತಷ್ಟು ಕತ್ತರಿಸಿ ಬೇರೆ ಮರ ಜೋಡಿಸಬಹುದು. ಆದರೆ ಆ ಕೆಲಸಕ್ಕೆ ಹಳೇ ಕಟ್ಟಡದ ಅನುಭವ ಇರುವ ಸ್ಟ್ರಕ್ಚರಲ್ ಎಂಜಿನಿಯರ್ ಪಕ್ಕದಲ್ಲಿ ನಿಂತಿರಲಿ.

ಸುಣ್ಣದ ಕೆಲಸ ಬಲ್ಲ ಮೇಸ್ತ್ರಿ ಸಿಗಲ್ಲ ಅಂತೀರಿ. ಸಿಗುತ್ತಾರೆ, ಹುಡುಕಬೇಕು. ಅರವತ್ತು ದಾಟಿದವರನ್ನು ಕೇಳಿ. ಜೊತೆಗೆ ನಿಮ್ಮ ಇಬ್ಬರು ಹುಡುಗರನ್ನು ಕಲಿಯಲು ಬಿಡಿ.

ನಮ್ಮ ತಿಪಟೂರಿನಲ್ಲಿ ಗೆಳೆಯರೆಲ್ಲ ಸೇರಿ ಇಂಥ ಕೇಂದ್ರ ಮಾಡಬೇಕು ಅಂತ ಆಸೆ. ಆದರೆ ಅರಮನೆ ಇಲ್ಲ, ದೊಡ್ಡ ಯುದ್ಧ ನಡೆದಿಲ್ಲ. ಒಳಗೆ ಏನು ಇಡೋದು?
*ಪದವಿ ವಿದ್ಯಾರ್ಥಿ, ತಿಪಟೂರು*

ಕೊಬ್ಬರಿ ಪೇಟೆ ಇಟ್ಟುಕೊಂಡು ಏನೂ ಇಲ್ಲ ಅಂತೀಯಲ್ಲ ಮಾರಾಯ! ಕೊಬ್ಬರಿ ಹರಾಜು ಹೇಗೆ ಕೂಗುತ್ತಿದ್ದರು, ಹಮಾಲರು ಮೂಟೆ ಎತ್ತುವಾಗ ಏನನ್ನುತ್ತಿದ್ದರು, ಅಟ್ಟದ ಮೇಲೆ ಕಾಯಿ ಎಷ್ಟು ತಿಂಗಳು ಒಣಗಬೇಕು. ಎಪ್ಪತ್ತು ದಾಟಿದ ಐದು ಜನರನ್ನು ಕೂರಿಸಿ ಫೋನಿನಲ್ಲಿ ರೆಕಾರ್ಡ್ ಮಾಡು. ಶುರುವಿನಲ್ಲೇ ಹೆಸರು, ಊರು, ತಾರೀಖು ಹೇಳಿಸು. ಅದೇ ನಿನ್ನ ಮೊದಲ ಕೋಣೆ.

ಆಮೇಲೆ ಮಂಡಿಗಳ ಹಳೇ ಲೆಕ್ಕದ ಪುಸ್ತಕ ಕೇಳು. 1957ರ ಏಪ್ರಿಲ್‌ನಲ್ಲಿ ನಯಾಪೈಸೆ ಬಂತು. ಆ ತಿಂಗಳ ಹಾಳೆ ಸಿಕ್ಕಿದರೆ ಒಂದೇ ಪುಟದಲ್ಲಿ ಮೇಲೆ ಆಣೆ, ಕೆಳಗೆ ಪೈಸೆ ಇರಬಹುದು. ಗುಮಾಸ್ತ ಎಷ್ಟು ಕಡೆ ಹೊಡೆದು ಹಾಕಿ ತಿದ್ದಿದ್ದಾನೆ ನೋಡು. 1973ರ ನವೆಂಬರ್‌ನಲ್ಲಿ ರಾಜ್ಯದ ಹೆಸರು ಬದಲಾಯಿತು. ಕಚೇರಿಯ ಹಳೇ ಕಾಗದಗಳಲ್ಲಿ 'ಮೈಸೂರು ರಾಜ್ಯ' ಅಂತ ಅಚ್ಚಾಗಿದ್ದರ ಮೇಲೆ ಗೆರೆ ಎಳೆದು 'ಕರ್ನಾಟಕ' ಅಂತ ಮೊಹರು ಒತ್ತಿದ್ದು ನಾನೇ ನೋಡಿದ್ದೇನೆ. ಅಂಥ ಒಂದು ಹಾಳೆ ಚೌಕಟ್ಟು ಹಾಕಿ ಇಟ್ಟರೆ ಸಾಕು, ಕತ್ತಿ ಗುರಾಣಿ ಬೇಡ.

ಶಾಸನ ಬೇಕಾ? ಬಿ.ಎಲ್. ರೈಸ್ ಸಾಹೇಬರು ನಮ್ಮ ಶಾಸನಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ತುಮಕೂರು ಜಿಲ್ಲೆಯದು 12ನೇ ಸಂಪುಟ. ತಾಲ್ಲೂಕುವಾರು ಜೋಡಿಸಿದ್ದಾರೆ. ಪಟ್ಟಿ ಹಿಡಿದು ಭಾನುವಾರ ಬೈಕಿನಲ್ಲಿ ಹೋಗಿ, ಯಾವ ಕಲ್ಲು ಇನ್ನೂ ಅಲ್ಲೇ ಇದೆ, ಯಾವುದು ಬಟ್ಟೆ ಒಗೆಯುವ ಕಲ್ಲಾಗಿದೆ ಅಂತ ಗುರುತು ಮಾಡಿಕೊಂಡು ಬನ್ನಿ. ಕಲ್ಲನ್ನು ಎತ್ತಿಕೊಂಡು ಬರಬೇಡಿ, ಫೋಟೋ ತನ್ನಿ.

ಒಂದು ಎಚ್ಚರಿಕೆ. ಹಳೇ ಕಾಗದಕ್ಕೆ ಲ್ಯಾಮಿನೇಷನ್ ಮಾಡಿಸಬೇಡ. ಮಾಡಿಸಿದರೆ ಮತ್ತೆ ಬಿಡಿಸಲು ಆಗಲ್ಲ. ಸ್ಟುಡಿಯೋದವರು ಗಾಜಿನ ನೆಗೆಟಿವ್ ಕೊಟ್ಟರೆ ತೊಳೆಯಬೇಡ. ಒಂದೊಂದನ್ನೇ ಕಾಗದದಲ್ಲಿ ಸುತ್ತಿ ನೆಟ್ಟಗೆ ನಿಲ್ಲಿಸಿ ಇಡು.

ದಾವಣಗೆರೆ ಪೇಟೆಯಲ್ಲಿ ನಮ್ಮ ತಾತನ ಮಳಿಗೆ ಇದೆ. ಕೆಳಗೆ ಅಂಗಡಿ, ಮೇಲೆ ಮನೆ. ನಾವು ಯಾರೂ ವಾಪಸ್ ಬರುವುದಿಲ್ಲ. ಊರಿನ ಇತಿಹಾಸಕ್ಕೆ ಅಂತ ಕೊಟ್ಟುಬಿಡೋಣ ಅಂತ ಅಣ್ಣತಮ್ಮಂದಿರು ಒಪ್ಪಿದ್ದೇವೆ. ಸಾಮಾನ್ಯರ ಮನೆ ನೋಡಲು ಯಾರಾದರೂ ಬರುತ್ತಾರಾ?
*ಕನ್ನಡಿಗರೊಬ್ಬರು, ನ್ಯೂಜೆರ್ಸಿ*

ನಿಮ್ಮ ಉತ್ತರ ನಿಮ್ಮ ಮನೆ ಹತ್ತಿರವೇ ಇದೆ. ರೈಲು ಹತ್ತಿ ಮ್ಯಾನ್‌ಹಟನ್‌ಗೆ ಹೋಗಿ, ಆರ್ಚರ್ಡ್ ಸ್ಟ್ರೀಟಿನಲ್ಲಿ ಟೆನಮೆಂಟ್ ಮ್ಯೂಸಿಯಂ ನೋಡಿ ಬನ್ನಿ. 97ನೇ ನಂಬರಿನ ಕಟ್ಟಡ 1863ರದ್ದು. ವಲಸೆ ಬಂದ ಬಡವರು ಬಾಡಿಗೆಗಿದ್ದ ವಠಾರ. 1935ರಲ್ಲಿ ಮೇಲಿನ ಮನೆಗಳನ್ನು ಖಾಲಿ ಮಾಡಿಸಿದರು, ಕೆಳಗೆ ಅಂಗಡಿ ಮಾತ್ರ ನಡೆಯುತ್ತಿತ್ತು. ಐವತ್ತು ವರ್ಷ ಮೇಲಿನ ಮನೆಗಳು ಹಾಗೇ ಇದ್ದವು. 1988ರಲ್ಲಿ ಮ್ಯೂಸಿಯಂ ಹುಟ್ಟಿತು. ಈಗ ಜನ ದುಡ್ಡು ಕೊಟ್ಟು ಆ ಇಕ್ಕಟ್ಟು ಅಡಿಗೆಮನೆ ನೋಡುತ್ತಾರೆ. ಅಲ್ಲಿ ರಾಜರೂ ಇಲ್ಲ, ಮಂತ್ರಿಗಳೂ ಇಲ್ಲ. ಒಬ್ಬ ದರ್ಜಿ, ಅವನ ಹೊಲಿಗೆ ಮಿಷನ್, ಮಕ್ಕಳು ಮಲಗುತ್ತಿದ್ದ ಮೂಲೆ.

ಅಮ್ಮನಿಗೆ ಫೋನ್ ಮಾಡಿ, ಮೆಟ್ಟಿಲು ಕೆಳಗೆ ಏನಿಡುತ್ತಿದ್ದರು ಅಂತ ಕೇಳಿ ಬರೆದಿಟ್ಟುಕೊಳ್ಳಿ. ಮನೆ ತೆರವು ಮಾಡುವಾಗ ಹಳೇ ಸಾಮಾನಿನವನನ್ನು ಮೊದಲು ಕರೆಯಬೇಡಿ. ಇದ್ದ ಜಾಗದಲ್ಲೇ ಒಂದೊಂದರ ಫೋಟೋ ತೆಗೆಸಿ. ಇನ್ನು ದುಡ್ಡಿನ ವಿಷಯ. ನಿಮ್ಮಂಥವರು ಸಾಮಾನ್ಯವಾಗಿ ಅಮೃತಶಿಲೆ ಫಲಕಕ್ಕೆ ಕೊಡುತ್ತೀರಿ, ಬೇಸರ ಮಾಡಿಕೊಳ್ಳಬೇಡಿ. ಬಾಗಿಲು ತೆಗೆದು, ಕಸ ಗುಡಿಸಿ, ಬಂದವರಿಗೆ ನಾಲ್ಕು ಮಾತು ಹೇಳುವ ಒಬ್ಬರ ಐದು ವರ್ಷದ ಸಂಬಳ ಬ್ಯಾಂಕಿನಲ್ಲಿ ಇಟ್ಟು ಕೊಡಿ.

ಜನ ಕುಡಿಯುವ ನೀರಿಗೆ ಪರದಾಡುತ್ತಿದ್ದಾರೆ. ನೀವು ಸುಮ್ನೆ ಹಳೇ ಗೋಡೆ ನೆಕ್ಕುತ್ತಾ ಕೂತಿದ್ದೀರಿ. ಕೆಡವಿ ಕಾಂಪ್ಲೆಕ್ಸ್ ಕಟ್ಟಿದರೆ ಬಾಡಿಗೆಯಾದರೂ ಬರುತ್ತೆ.
*ವ್ಯಾಪಾರಿ, ಮೈಸೂರು*

ಬೈದದ್ದಕ್ಕೆ ಬೇಸರವಿಲ್ಲ. ಮೈಸೂರಿನವರು ಹೀಗೆ ಕೇಳಲು ಕಾರಣವಿದೆ. ಲ್ಯಾನ್ಸ್‌ಡೌನ್ ಕಟ್ಟಡ 2012ರ ಆಗಸ್ಟ್‌ನಲ್ಲಿ ಕುಸಿದು ನಾಲ್ವರು ಸತ್ತರು. ಅಲ್ಲಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ನಾನು ಓದುವ ಕಾಲದಲ್ಲಿ ಗಂಟೆಗಟ್ಟಲೆ ನಿಂತವನು. 2016ರಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿತ್ತು. ಆಮೇಲೆ ಕೆಡವಬೇಕೋ ಉಳಿಸಬೇಕೋ ಅಂತ ವರ್ಷಗಟ್ಟಲೆ ಜಗಳ. ಅಷ್ಟೂ ದಿನ ಮಳೆ ಮಾತ್ರ ಯಾರ ಪಕ್ಷವೂ ಹಿಡಿಯದೆ ಸುರಿಯುತ್ತಿತ್ತು.

ತಲೆ ಮೇಲೆ ಬೀಳುವ ಕಟ್ಟಡವನ್ನು ಇತಿಹಾಸದ ಹೆಸರಲ್ಲಿ ತೆರೆದಿಡಿ ಅಂತ ನಾನು ಹೇಳುವುದಿಲ್ಲ. ಕೆಲವು ಕಟ್ಟಡ ಉಳಿಸಲು ಆಗುವುದಿಲ್ಲ. ಆದರೆ 'ಶಿಥಿಲ' ಅಂತ ಬರೆದವರು ಒಳಗೆ ಹೋಗಿ ತೊಲೆ ಚುಚ್ಚಿ ನೋಡಿದ್ದಾರಾ ಅಂತ ಕೇಳುತ್ತೇನೆ. ಎಷ್ಟೋ ಸಲ ರಸ್ತೆಯಲ್ಲಿ ಜೀಪಿನಿಂದಲೇ ನೋಡಿ ಬರೆದಿರುತ್ತಾರೆ. ನಾನೂ ಹಾಗೆ ಒಂದೆರಡು ಸಲ ಬರೆದಿದ್ದೇನೆ. ನೀರಿನ ದುಡ್ಡು ಬೇರೆ ತಲೆಬರಹದಲ್ಲಿ ಬರುತ್ತದೆ, ಅದನ್ನು ಕಿತ್ತು ಇಲ್ಲಿಗೆ ಹಾಕಿ ಅಂತ ಯಾರೂ ಕೇಳುತ್ತಿಲ್ಲ. ಬಾಡಿಗೆ ಮಾತು ಮಾತ್ರ ಸರಿ. ಮುಂದಿನ ಎರಡು ಕೋಣೆ ಅಂಗಡಿಗೋ ಕಾಫಿಗೋ ಕೊಟ್ಟು, ಆ ಬಾಡಿಗೆಯಲ್ಲಿ ಮಾಡು ರಿಪೇರಿ ಮಾಡಿಸಿಕೊಂಡರೆ ತಪ್ಪೇನಿಲ್ಲ.

ನಮ್ಮ ಕೇಂದ್ರಕ್ಕೆ ಊರವರು ಹಳೇ ವಿಗ್ರಹ, ಓಲೆಗರಿ ತಂದುಕೊಡುತ್ತಿದ್ದಾರೆ. ಇಟ್ಟುಕೊಳ್ಳಬಹುದಾ?
*ಗ್ರಂಥಪಾಲಕರು, ಗದಗ ಜಿಲ್ಲೆ*

ವಿಗ್ರಹಕ್ಕೆ ಕೈ ಹಾಕುವ ಮೊದಲು ಜಿಲ್ಲೆಯ ಪುರಾತತ್ವ ಅಧಿಕಾರಿಯನ್ನು ಕೇಳಿ. 1972ರ ಕಾಯ್ದೆ ಪ್ರಕಾರ 100 ವರ್ಷ ದಾಟಿದ ವಸ್ತು, 75 ವರ್ಷ ದಾಟಿದ ಹಸ್ತಪ್ರತಿ ಪ್ರಾಚ್ಯವಸ್ತು. ಶಿಲ್ಪಗಳನ್ನು ನೋಂದಾಯಿಸಬೇಕಾಗುತ್ತದೆ. ನೆಲ ಅಗೆಯುವಾಗ ಸಿಕ್ಕಿದ್ದಕ್ಕೆ ಬೇರೆ ನಿಧಿ ಕಾಯ್ದೆಯೇ ಇದೆ. ಏನು ಬಂದರೂ ದಪ್ಪ ರಟ್ಟಿನ ರಿಜಿಸ್ಟರಿನಲ್ಲಿ ನಂಬರು ಹಾಕಿ: ಕೊಟ್ಟವರು ಯಾರು, ದಾನವೋ ಸಾಲವೋ, ಎಲ್ಲಿ ಸಿಕ್ಕಿತು. ಅವರ ಸಹಿ ಹಾಕಿಸಿ. ಹತ್ತು ವರ್ಷದ ಮೇಲೆ ಮೊಮ್ಮಗ ಬಂದು 'ನಮ್ಮಜ್ಜನ ತಂಬಿಗೆ ಎಲ್ಲಿ' ಅಂತ ಕೇಳಿಯೇ ಕೇಳುತ್ತಾನೆ.

ಎಲ್ಲ ಮುಗಿದಿದೆ ಸಾರ್. ಉದ್ಘಾಟನೆಗೆ ಯಾರನ್ನು ಕರೆಯೋಣ? ಮಂತ್ರಿಗಳ ತಾರೀಖು ಸಿಗುತ್ತಿಲ್ಲ.
*ಸಂಘದ ಕಾರ್ಯದರ್ಶಿ, ಚಿಕ್ಕಮಗಳೂರು ಜಿಲ್ಲೆ*

ಆ ಕಟ್ಟಡ ಕಚೇರಿಯಾಗಿದ್ದಾಗ ದಿನಾ ಬೆಳಿಗ್ಗೆ ಬಾಗಿಲು ತೆಗೆಯುತ್ತಿದ್ದ ಅಟೆಂಡರ್ ಇನ್ನೂ ಇದ್ದಾರಾ? ಇದ್ದರೆ ಅವರನ್ನೇ ಕರೆಯಿರಿ. ರಿಬ್ಬನ್ ಬೇಡ, ಬೀಗ ಅವರ ಕೈಯಲ್ಲೇ ತೆಗೆಸಿ. ಯಾವ ಬಾಗಿಲು ಎಲ್ಲಿ ಕಚ್ಚುತ್ತದೆ, ಎತ್ತಿ ತಳ್ಳಬೇಕೋ ಒತ್ತಿ ತಳ್ಳಬೇಕೋ ಅವರಿಗೇ ಗೊತ್ತು. ಸಂತೆ ದಿನ ಇಟ್ಟುಕೊಳ್ಳಿ, ಸುತ್ತಲ ಹಳ್ಳಿಯವರು ಹೇಗೂ ಬಂದಿರುತ್ತಾರೆ. ಮಂತ್ರಿಗಳು ಇನ್ನೊಂದು ದಿನ ಬಂದು ನೋಡಲಿ.

ಮಾರನೆ ದಿನ ಬೆಳಿಗ್ಗೆ ಹತ್ತು ಗಂಟೆಗೆ ಬಾಗಿಲು ತೆಗೆಯುವವರು ಯಾರು? ಆ ಹೆಸರು ನಿಮ್ಮ ಪತ್ರದಲ್ಲಿ ಇಲ್ಲ. ಆಮಂತ್ರಣ ಅಚ್ಚಿಗೆ ಹೋಗುವ ಮೊದಲು ಅದನ್ನು ಬರೆದು ಕಳಿಸಿ.